ಗೆರೆಗೆ ಎಷ್ಟು ತುದಿ? ರೇಖೆ, ಕಿರಣ, ರೇಖಾಖಂಡ

ಸ್ಕೇಲ್ ಇಟ್ಟು ಕಾಗದದ ಮೇಲೆ ಒಂದು ಗೆರೆ ಎಳೆಯಿರಿ. ನೀವು ಎಳೆದದ್ದು ರೇಖೆಯೋ, ಕಿರಣವೋ, ರೇಖಾಖಂಡವೋ? ಒಂದು ತುದಿಗೆ ಬಾಣದ ಗುರುತು ಹಾಕಿ, ಎರಡೂ ತುದಿಗೆ ಹಾಕಿ, ಇಲ್ಲವೇ ಹಾಕದೆ ಬಿಡಿ; ಕಾಗದದ ಮೇಲೆ ಇರುವುದು ಮಾತ್ರ ರೇಖಾಖಂಡವೇ. ಪೆನ್ಸಿಲ್ ಒಂದು ಕಡೆ ಹೊರಟಿತು, ಇನ್ನೊಂದು ಕಡೆ ನಿಂತಿತು. ರೇಖೆಯನ್ನಾಗಲಿ ಕಿರಣವನ್ನಾಗಲಿ ಪೂರ್ತಿ ಎಳೆದು ಮುಗಿಸಿದವರು ಯಾರೂ ಇಲ್ಲ, ಮುಂದೆಯೂ ಇರುವುದಿಲ್ಲ. ಬಾಣದ ಗುರುತು ಚಿತ್ರದ ಭಾಗವೇ ಅಲ್ಲ. ಅದು ನೋಡುವವರಿಗೆ ಬರೆದಿಟ್ಟ ಚೀಟಿ: ನನ್ನ ಕೈ ಇಲ್ಲಿಗೆ ನಿಂತಿದೆ, ಗೆರೆ ನಿಂತಿಲ್ಲ.

ಶಾಲೆಯ ಪುಸ್ತಕಗಳು ಈ ಮೂರನ್ನೂ ಒಂದು ಪಟ್ಟಿಯಲ್ಲಿ ಜೋಡಿಸಿ ಮುಂದಿನ ಪಾಠಕ್ಕೆ ಹೋಗುತ್ತವೆ. ರೇಖಾಖಂಡಕ್ಕೆ ಎರಡು ಅಂತ್ಯಬಿಂದು, ಕಿರಣಕ್ಕೆ ಒಂದು, ರೇಖೆಗೆ ಒಂದೂ ಇಲ್ಲ. ತಪ್ಪೇನಿಲ್ಲ, ಪರೀಕ್ಷೆಗೆ ಅಷ್ಟು ಸಾಕು ಕೂಡ. ಆದರೆ ಈ ಎಣಿಕೆ ಬಾಯಿಪಾಠವಾದವರಿಗೂ ಅದರಿಂದ ಏನೇನು ಬದಲಾಗುತ್ತದೆ ಎಂಬುದು ತಿಳಿಯದೇ ಉಳಿಯುತ್ತದೆ. ಯಾವುದನ್ನು ಅಳೆಯಬಹುದು, ಯಾವುದರ ಹೆಸರನ್ನು ತಿರುಗಿಸಿ ಬರೆಯಬಹುದು, ಎರಡು ಗೆರೆಗಳು ಸೇರುತ್ತವೋ ಇಲ್ಲವೋ ಎಂಬುದೆಲ್ಲ ನಿಂತಿರುವುದು ತುದಿಯ ಮೇಲೆಯೇ.

ಹೆಸರುಗಳೇ ಅರ್ಧ ವಿಷಯ ಹೇಳಿಬಿಡುತ್ತವೆ. ಖಂಡ ಎಂದರೆ ತುಂಡು, ಹಾಗಾಗಿ ರೇಖಾಖಂಡ ಎಂದರೆ ರೇಖೆಯ ತುಂಡು. ಕಿರಣ ಎಂದೊಡನೆ ಸೂರ್ಯ ನೆನಪಾಗುತ್ತಾನೆ: ಒಂದು ಕಡೆಯಿಂದ ಹೊರಟು ದೂರ ಸಾಗುವಂಥದ್ದು. ಗೊಂದಲವಿರುವುದು ರೇಖೆ ಎಂಬ ಮಾತಿನಲ್ಲಿ. ಆಡುಮಾತಿನ ಗೆರೆ ಡೊಂಕಾಗಿರಬಹುದು, ಗಿಡ್ಡವಾಗಿರಬಹುದು, ಅಂಗೈಯಲ್ಲೂ ಇರಬಹುದು. ಜ್ಯಾಮಿತಿಯ ರೇಖೆ ಹಾಗಲ್ಲ. ಅದು ನೇರ, ಅದಕ್ಕೆ ದಪ್ಪವಿಲ್ಲ, ಎರಡೂ ಕಡೆ ಕೊನೆಯಿಲ್ಲ. ಅದಕ್ಕೇ ಎಚ್ಚರಿಕೆಯ ಮೇಷ್ಟ್ರುಗಳು ಸರಳರೇಖೆ ಎಂದೇ ಹೇಳುತ್ತಾರೆ.

ಮೂರರಲ್ಲಿ ಸುಲಭದ್ದು ರೇಖಾಖಂಡ. ಎ, ಬಿ ಎಂಬ ಎರಡು ಬಿಂದುಗಳು, ಅವುಗಳ ನಡುವೆ ನೇರವಾಗಿ ಇರುವ ಅಷ್ಟೂ ಬಿಂದುಗಳು, ಅಲ್ಲಿಗೆ ಮುಗಿಯಿತು. ಉದ್ದ ಎಂಬ ಮಾತಿಗೆ ಅರ್ಥ ಬರುವುದು ಇಲ್ಲಿ ಮಾತ್ರ. 5 ಸೆಂಟಿಮೀಟರ್ ಉದ್ದದ ರೇಖಾಖಂಡ ಉಂಟು. 5 ಸೆಂಟಿಮೀಟರ್ ಉದ್ದದ ಕಿರಣ ಎಂಬುದು ಅರ್ಥವಿಲ್ಲದ ಮಾತು. ಉದ್ದ ಇರುವುದರಿಂದಲೇ ಮಧ್ಯಬಿಂದು ಇದೆ, ಲಂಬಾರ್ಧಕ (ಮಧ್ಯಬಿಂದುವಿನಲ್ಲಿ ಲಂಬವಾಗಿ ಹಾದುಹೋಗುವ ರೇಖೆ) ಇದೆ, ಎರಡು ರೇಖಾಖಂಡಗಳನ್ನು ಸಮ ಎನ್ನುವುದಕ್ಕೆ ಸಾಧ್ಯವಾಗುತ್ತದೆ. ರೇಖೆಯ ಮಧ್ಯಬಿಂದು ಯಾವುದು ಎಂದು ಮಕ್ಕಳನ್ನು ಕೇಳಿ ನೋಡಿ. ಯಾವ ಬಿಂದು ತೋರಿಸಿದರೂ ಅದರ ಎರಡು ಪಕ್ಕಕ್ಕೂ ಕೊನೆಯಿಲ್ಲದ ಗೆರೆಯೇ ಇರುತ್ತದೆ. ಎಲ್ಲ ಬಿಂದುವೂ ಮಧ್ಯವಾಗಬಲ್ಲದಾದ್ದರಿಂದ ಯಾವುದೂ ಮಧ್ಯವಲ್ಲ.

ಕಿರಣಕ್ಕೆ ಉದ್ದ ಇಲ್ಲದಿದ್ದರೂ ಉಳಿದೆರಡಕ್ಕೆ ಇಲ್ಲದ ಒಂದು ಗುಣವಿದೆ: ದಿಕ್ಕು. ಎ ಬಿಂದುವಿನಲ್ಲಿ ಹೊರಟು ಬಿ ಮೂಲಕ ಹಾದು ಆಚೆ ಹೋಗುತ್ತಲೇ ಇರುವುದು ಎಬಿ ಕಿರಣ. ಅಂದಹಾಗೆ, ಸೂರ್ಯಕಿರಣ ಎಂಬ ಉದಾಹರಣೆ ಕಟ್ಟುನಿಟ್ಟಾಗಿ ನೋಡಿದರೆ ಸರಿಹೋಗುವುದಿಲ್ಲ. ಸುಮಾರು 15 ಕೋಟಿ ಕಿಲೋಮೀಟರ್ ದೂರವನ್ನು 8 ನಿಮಿಷ 20 ಸೆಕೆಂಡಿನಷ್ಟು ಹೊತ್ತಿನಲ್ಲಿ ದಾಟಿ ಬಂದ ಬೆಳಕು ನೆಲಕ್ಕೆ ತಾಗಿದರೆ ಅದರ ದಾರಿ ಅಲ್ಲಿಗೆ ಮುಗಿದಂತೆ. ಎರಡೂ ತುದಿ ಗೊತ್ತಿರುವ ಆ ದಾರಿ ರೇಖಾಖಂಡ. ಹಾಗಿದ್ದರೂ ಉದಾಹರಣೆ ಕೆಟ್ಟದ್ದಲ್ಲ, ಎಲ್ಲಿಂದ ಹೊರಟಿತು, ಯಾವ ಕಡೆಗೆ ಹೋಯಿತು ಎಂಬ ಎರಡೇ ಸಂಗತಿಗಳಿಂದ ಕಿರಣ ಪೂರ್ತಿ ನಿರ್ಧಾರವಾಗುತ್ತದೆ ಎಂಬುದನ್ನು ಅದು ಚೆನ್ನಾಗಿ ಮನಸ್ಸಿಗೆ ತರುತ್ತದೆ.

ಆರು ಹೆಸರು, ಎಷ್ಟು ಗೆರೆ?

ಮೂರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಲು ನನಗೆ ತುಂಬ ಹಿಡಿಸಿದ ಒಂದು ಲೆಕ್ಕ ಇದೆ. ಒಂದು ರೇಖೆಯ ಮೇಲೆ ಎಡದಿಂದ ಬಲಕ್ಕೆ ಎ, ಬಿ, ಸಿ ಎಂದು ಮೂರು ಬಿಂದು ಗುರುತಿಸಿ. ಇವುಗಳಲ್ಲಿ ಎರಡೆರಡನ್ನು ಆರಿಸಿ ಬರೆದರೆ ಆರು ಹೆಸರು ಸಿಗುತ್ತವೆ: ಎಬಿ, ಬಿಎ, ಬಿಸಿ, ಸಿಬಿ, ಎಸಿ, ಸಿಎ. ಈ ಹೆಸರುಗಳ ಮೇಲೆ ರೇಖೆಯ ಗುರುತು ಹಾಕಿದರೆ ಎಷ್ಟು ಬೇರೆ ಬೇರೆ ರೇಖೆಗಳು? ರೇಖಾಖಂಡದ ಗುರುತು ಹಾಕಿದರೆ? ಕಿರಣದ ಗುರುತು ಹಾಕಿದರೆ?

ರೇಖೆ ಒಂದೇ. ಎರಡು ಬಿಂದುಗಳ ಮೂಲಕ ಒಂದೇ ಒಂದು ರೇಖೆ ಹಾದುಹೋಗುವುದರಿಂದ, ಅದರ ಮೇಲಿನ ಯಾವ ಎರಡು ಬಿಂದು ಹೇಳಿದರೂ ಅದೇ ರೇಖೆಯ ಹೆಸರಾಗುತ್ತದೆ. ರೇಖಾಖಂಡ ಮೂರು: ಎಬಿ, ಬಿಸಿ, ಎಸಿ. ತಿರುಗಿಸಿ ಬರೆದರೆ ಬೇರೆಯಾಗುವುದಿಲ್ಲ, ಎ ಇಂದ ಬಿ ವರೆಗಿನ ತುಂಡೂ ಬಿ ಇಂದ ಎ ವರೆಗಿನ ತುಂಡೂ ಒಂದೇ ತಾನೆ. ಕಿರಣದ ಲೆಕ್ಕದಲ್ಲಿ ಮಾತ್ರ ತುಸು ನಿಧಾನಿಸಬೇಕು. ಎಬಿ ಕಿರಣವೂ ಎಸಿ ಕಿರಣವೂ ಒಂದೇ, ಎರಡೂ ಎ ಇಂದ ಹೊರಟು ಬಲಕ್ಕೆ ಹೋಗುತ್ತವೆ. ಎರಡನೆಯ ಅಕ್ಷರ ಇರುವುದು ದಾರಿ ತೋರಿಸುವುದಕ್ಕಷ್ಟೆ. ಹಾಗೆಯೇ ಸಿಬಿ, ಸಿಎ ಒಂದೇ. ಆದರೆ ಬಿಎ ಮತ್ತು ಬಿಸಿ ಬೇರೆ ಬೇರೆ: ಹೊರಡುವ ಜಾಗ ಒಂದೇ, ದಿಕ್ಕು ವಿರುದ್ಧ. ಒಟ್ಟು ನಾಲ್ಕು ಕಿರಣ.

ಒಂದು, ಮೂರು, ನಾಲ್ಕು. ಅದೇ ಆರು ಹೆಸರುಗಳು, ಮೇಲೆ ಹಾಕಿದ ಗುರುತು ಬದಲಾದಂತೆ ಗೆರೆಗಳ ಸಂಖ್ಯೆಯೂ ಬದಲಾಯಿತು. ಇದರಲ್ಲಿ ಇನ್ನೂ ಒಂದು ಸ್ವಾರಸ್ಯ ಉಳಿದಿದೆ. ಎ ಇಂದ ಹೊರಟು ಎಡಕ್ಕೆ ಹೋಗುವ ಕಿರಣವೂ ಸಿ ಇಂದ ಹೊರಟು ಬಲಕ್ಕೆ ಹೋಗುವ ಕಿರಣವೂ ಆ ರೇಖೆಯ ಮೇಲೆ ಇದ್ದೇ ಇವೆ. ಅವುಗಳ ದಾರಿಯಲ್ಲಿ ನಾವು ಗುರುತಿಸಿದ ಬಿಂದು ಯಾವುದೂ ಇಲ್ಲದ ಕಾರಣ ಹೆಸರು ಹೇಳಿ ಕರೆಯಲು ಆಗುವುದಿಲ್ಲ, ಅಷ್ಟೆ. ಆ ಎರಡನ್ನೂ ಸೇರಿಸಿದರೆ ಕಿರಣಗಳು ಆರು. ಪರೀಕ್ಷೆಯ ಪ್ರಶ್ನೆಯಲ್ಲಿ ‘ಹೆಸರಿಸಿ’ ಎಂದಿದೆಯೋ ‘ಎಷ್ಟಿವೆ’ ಎಂದಿದೆಯೋ ಎಂದು ನೋಡಿಕೊಂಡು ಉತ್ತರ ಬರೆಯಬೇಕಾಗುವುದು ಇದೇ ಕಾರಣಕ್ಕೆ.

ಹೆಸರಿನ ಆಟದಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಎಬಿ ಕಿರಣ ಮತ್ತು ಬಿಎ ಕಿರಣ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಿ. ಒಂದು ಎ ಇಂದ ಬಲಕ್ಕೆ, ಇನ್ನೊಂದು ಬಿ ಇಂದ ಎಡಕ್ಕೆ. ಎರಡರಲ್ಲೂ ಇರುವ ಬಿಂದುಗಳು ಯಾವುವು? ಎ ಮತ್ತು ಬಿ ನಡುವಿನವು, ಅಂದರೆ ಎಬಿ ರೇಖಾಖಂಡ. ಎರಡನ್ನೂ ಕೂಡಿಸಿದರೆ ಏನು ಸಿಗುತ್ತದೆ? ಎಬಿ ರೇಖೆ. ಎದುರುಬದುರು ಹೊರಟ ಎರಡು ಕಿರಣಗಳು ಒಂದರ ಮೇಲೊಂದು ಬಿದ್ದ ಕಡೆ ರೇಖಾಖಂಡ, ಎರಡೂ ಸೇರಿ ಹರಡಿದ ಕಡೆಯೆಲ್ಲ ರೇಖೆ. ಮೂರು ಬೇರೆ ಬೇರೆ ವ್ಯಾಖ್ಯೆಗಳೆಂದು ಕಲಿತದ್ದು ಇಲ್ಲಿ ಒಂದೇ ಚಿತ್ರದೊಳಗೆ ಕೂರುತ್ತದೆ. ಪಾಠ ಇಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ.

ಒಂದೇ ಸೂತ್ರ, ಮೂರು ಮಿತಿ

ನಿರ್ದೇಶಾಂಕಗಳು ಗೊತ್ತಿರುವವರಿಗೆ ಈ ಸಂಬಂಧ ಇನ್ನೂ ಸ್ಪಷ್ಟವಾಗುತ್ತದೆ. ಎ ಬಿಂದು (1, 2), ಬಿ ಬಿಂದು (4, 6) ಇರಲಿ. ಎ ಇಂದ ಬಿ ಗೆ ಹೋಗಲು ಬಲಕ್ಕೆ 3, ಮೇಲಕ್ಕೆ 4 ಹೆಜ್ಜೆ. ನೇರ ದೂರ 5. ಈ ಒಂದು ಜಿಗಿತವನ್ನು ಟಿ ಎಂಬ ಸಂಖ್ಯೆಯಿಂದ ಗುಣಿಸಿ ಎ ಗೆ ಕೂಡಿಸೋಣ. ಟಿ ಸೊನ್ನೆಯಾದರೆ ಎ ಬಿಂದುವಿನಲ್ಲೇ ಇರುತ್ತೇವೆ, 1 ಆದರೆ ಬಿ ತಲುಪುತ್ತೇವೆ. ಅರ್ಧವಾದರೆ (2.5, 4), ಅದೇ ಮಧ್ಯಬಿಂದು. ಟಿ ಬೆಲೆ 2 ಆದರೆ ಬಿ ದಾಟಿ (7, 10). ಮೈನಸ್ 1 ಆದರೆ ಹಿಂದಕ್ಕೆ ಹೋಗಿ (−2, −2).

ಟಿ ಬೆಲೆ 0 ಇಂದ 1 ರ ಒಳಗೇ ಇರಬೇಕು ಎಂದರೆ ರೇಖಾಖಂಡ. 0 ಮತ್ತು ಅದಕ್ಕಿಂತ ಮೇಲೆ ಎಷ್ಟಾದರೂ ಆಗಬಹುದು ಎಂದರೆ ಕಿರಣ. ಯಾವ ಸಂಖ್ಯೆಯಾದರೂ ಸರಿ ಎಂದರೆ ರೇಖೆ. ಸೂತ್ರ ಬದಲಾಗುವುದಿಲ್ಲ, ಬೇಲಿ ಮಾತ್ರ ಬದಲಾಗುತ್ತದೆ.

ಇದು ಬರೀ ತರಗತಿಯ ಕಸರತ್ತಲ್ಲ. ಕಂಪ್ಯೂಟರ್‌ನಲ್ಲಿ ಚಿತ್ರ ಮೂಡಿಸುವ ರೇ ಟ್ರೇಸಿಂಗ್ ವಿಧಾನ ಇದೇ ಬೇಲಿಯ ಮೇಲೆ ನಡೆಯುತ್ತದೆ. ಕ್ಯಾಮೆರಾದಿಂದ ಪರದೆಯ ಪ್ರತಿ ಚುಕ್ಕೆಯ ಮೂಲಕ ಒಂದೊಂದು ಕಿರಣ ಬಿಟ್ಟು, ಅದು ಮೊದಲು ತಾಗುವ ವಸ್ತು ಯಾವುದೆಂದು ಪ್ರೋಗ್ರಾಂ ಹುಡುಕುತ್ತದೆ. ತಾಗಿದ ಜಾಗದಲ್ಲಿ ಟಿ ಬೆಲೆ ಋಣ ಸಂಖ್ಯೆಯಾಗಿ ಬಂದರೆ ಆ ವಸ್ತು ಕ್ಯಾಮೆರಾದ ಬೆನ್ನ ಹಿಂದಿದೆ ಎಂದರ್ಥ. ಕಿರಣದ ಬದಲು ರೇಖೆ ಎಂದು ಲೆಕ್ಕ ಹಾಕಿದರೆ ಹಿಂದಿರುವ ವಸ್ತು ಮುಂದಿನ ಚಿತ್ರದಲ್ಲಿ ಬಂದು ಕೂರುತ್ತದೆ. ನೆರಳಿನ ಲೆಕ್ಕ ಇನ್ನೂ ಸೂಕ್ಷ್ಮ. ನೆಲದ ಮೇಲಿನ ಒಂದು ಬಿಂದುವಿಗೆ ದೀಪದ ಬೆಳಕು ಬೀಳುತ್ತದೋ ಇಲ್ಲವೋ ನೋಡಲು ಆ ಬಿಂದುವಿಗೂ ದೀಪಕ್ಕೂ ನಡುವೆ ಅಡ್ಡ ಏನಾದರೂ ಇದೆಯೇ ಎಂದು ಕೇಳಬೇಕು. ಅಲ್ಲಿ ಕಿರಣವೂ ಹೆಚ್ಚಾಯಿತು. ದೀಪದ ಆಚೆ ನಿಂತ ಗೋಡೆ ನೆರಳು ಬೀಳಿಸುವುದಿಲ್ಲವಲ್ಲ. ಟಿ 0 ಮತ್ತು 1 ರ ನಡುವೆ ಇದ್ದರಷ್ಟೇ ನೆರಳು, ಅಂದರೆ ಅಲ್ಲಿಗೆ ಬೇಕಾದದ್ದು ರೇಖಾಖಂಡ.

ಇನ್ನೊಂದು ಕೆಲಸ ಕಿರಣದಿಂದ ಮಾತ್ರ ಆಗುತ್ತದೆ. ನಕ್ಷೆಯಲ್ಲಿ ಅಂಕುಡೊಂಕಾದ ಒಂದು ಬಹುಭುಜಾಕೃತಿ ಇದೆ. ಒಂದು ಚುಕ್ಕೆ ಅದರ ಒಳಗಿದೆಯೋ ಹೊರಗಿದೆಯೋ? ಚುಕ್ಕೆಯಿಂದ ಯಾವುದಾದರೂ ದಿಕ್ಕಿಗೆ ಒಂದು ಕಿರಣ ಬಿಟ್ಟು, ಅದು ಗಡಿಯನ್ನು ಎಷ್ಟು ಸಲ ದಾಟಿತು ಎಂದು ಎಣಿಸಿ. ಬೆಸ ಸಂಖ್ಯೆ ಬಂದರೆ ಒಳಗೆ, ಸಮ ಸಂಖ್ಯೆ ಬಂದರೆ ಹೊರಗೆ. (ಕಿರಣ ಸರಿಯಾಗಿ ಮೂಲೆಯ ಮೇಲೆಯೇ ಹಾದರೆ ಎಣಿಕೆ ಎಡವುತ್ತದೆ; ಆಗ ದಿಕ್ಕು ತುಸು ಬದಲಿಸಿದರಾಯಿತು.) ಕಿರಣದ ಬದಲು ರೇಖೆ ಎಳೆದರೆ? ರೇಖೆ ಹೊರಗಿನಿಂದ ಬಂದು ಹೊರಗೇ ಹೋಗುತ್ತದೆ. ಒಳಹೊಕ್ಕಷ್ಟು ಸಲ ಹೊರಬರಲೇಬೇಕು, ಹಾಗಾಗಿ ಎಣಿಕೆ ಯಾವಾಗಲೂ ಸಮ ಸಂಖ್ಯೆಯೇ. ಅದರಿಂದ ಏನೂ ತಿಳಿಯುವುದಿಲ್ಲ. ರೇಖಾಖಂಡ ಎಳೆದರೆ ಅದು ಆಕೃತಿಯ ಒಳಗೇ ನಿಂತುಬಿಡಬಹುದು. ಒಂದು ತುದಿ ಚುಕ್ಕೆಯಲ್ಲಿ ನೆಟ್ಟು ಇನ್ನೊಂದು ತುದಿ ಇಲ್ಲದಿರುವುದೇ ಇಲ್ಲಿ ಕೆಲಸ ಮಾಡುವುದು.

ಸೇರುವುದು, ಸೇರದಿರುವುದು

ಒಂದೇ ಸಮತಲದಲ್ಲಿರುವ ಎರಡು ಬೇರೆ ಬೇರೆ ರೇಖೆಗಳು ಒಂದು ಬಿಂದುವಿನಲ್ಲಿ ಛೇದಿಸುತ್ತವೆ, ಇಲ್ಲವೇ ಸಮಾಂತರವಾಗಿರುತ್ತವೆ. ಮೂರನೆಯ ದಾರಿ ಇಲ್ಲ. ಈ ಮಾತನ್ನು ಹಾಗೆಯೇ ರೇಖಾಖಂಡಗಳಿಗೆ ಎತ್ತಿ ಹಾಕುವುದು ತುಂಬ ಸಾಮಾನ್ಯವಾದ ತಪ್ಪು: ಚಿತ್ರದಲ್ಲಿ ಎರಡು ಗೆರೆ ಮುಟ್ಟದೆ ಇದ್ದರೆ ‘ಸಮಾಂತರ’ ಎಂದು ಬರೆದುಬಿಡುವುದು.

ಒಂದು ರೇಖಾಖಂಡ (0, 0) ಇಂದ (2, 0) ವರೆಗೆ ನೆಲದ ಮೇಲೆ ಮಲಗಿದೆ ಎನ್ನಿ. ಇನ್ನೊಂದು (5, 1) ಇಂದ (5, 3) ವರೆಗೆ ನೆಟ್ಟಗೆ ನಿಂತಿದೆ. ಇವು ಎಲ್ಲೂ ಸೇರುವುದಿಲ್ಲ, ಆದರೆ ಸಮಾಂತರ ಎಂದರೆ ನಗೆಪಾಟಲು, ಒಂದಕ್ಕೊಂದು ಲಂಬವಾಗಿವೆ. ಎರಡನ್ನೂ ರೇಖೆಗಳಾಗಿ ಬೆಳೆಸಿದರೆ (5, 0) ಬಿಂದುವಿನಲ್ಲಿ ಕೂಡುತ್ತವೆ. ಕಿರಣಗಳಾಗಿ ಬೆಳೆಸಿದರೆ? ಯಾವ ಕಡೆಗೆ ಬೆಳೆಸಿದಿರಿ ಎಂಬುದರ ಮೇಲೆ ಹೋಗುತ್ತದೆ. ಮೊದಲನೆಯದು ಬಲಕ್ಕೆ, ಎರಡನೆಯದು ಕೆಳಕ್ಕೆ ಸಾಗಿದರೆ ಸೇರುತ್ತವೆ. ಯಾವುದಾದರೂ ಒಂದು ವಿರುದ್ಧ ದಿಕ್ಕಿಗೆ ತಿರುಗಿದರೆ ಎಂದೆಂದಿಗೂ ಸೇರುವುದಿಲ್ಲ. ಅದಕ್ಕೇ ರೇಖಾಖಂಡಗಳನ್ನು ಸಮಾಂತರ ಎನ್ನುವ ಮೊದಲು ಅವು ಕೂತಿರುವ ರೇಖೆಗಳನ್ನು ಕೇಳಬೇಕು. ಇನ್ನು ಸಮತಲ ಬಿಟ್ಟು ಮೂರು ಆಯಾಮಕ್ಕೆ ಬಂದರೆ ರೇಖೆಗಳು ಕೂಡ ಸೇರದೆಯೂ ಸಮಾಂತರವಾಗದೆಯೂ ಇರಬಹುದು: ಕೋಣೆಯ ಛಾವಣಿಯ ಒಂದು ಅಂಚು, ಎದುರು ಗೋಡೆಯ ಒಂದು ಮೂಲೆಯ ನಿಂತ ಅಂಚು.

ಕೋನದ ವಿಷಯಕ್ಕೆ ಬಂದರೆ ತುದಿಯಿಲ್ಲದಿರುವುದು ಒಂದು ಹಳೆಯ ಗೊಂದಲವನ್ನು ಬಿಡಿಸುತ್ತದೆ. ಗಿಡ್ಡ ಬಾಹುಗಳ 40 ಡಿಗ್ರಿ ಕೋನವನ್ನೂ ಉದ್ದ ಬಾಹುಗಳ 40 ಡಿಗ್ರಿ ಕೋನವನ್ನೂ ಪಕ್ಕಪಕ್ಕ ಬರೆದರೆ ಎರಡನೆಯದೇ ದೊಡ್ಡದು ಎನ್ನುವ ಮಕ್ಕಳು ಬಹಳ. ಕಣ್ಣಿಗೆ ಕಾಣುವುದು ಹಾಗೆಯೇ, ಅವರನ್ನು ಬೈದು ಪ್ರಯೋಜನವಿಲ್ಲ. ಕೋನದ ಬಾಹುಗಳು ಕಿರಣಗಳು ಎಂದು ತಿಳಿದರೆ ಗೊಂದಲ ತಾನಾಗಿ ಕರಗುತ್ತದೆ. ಕಿರಣಕ್ಕೆ ಉದ್ದವೇ ಇಲ್ಲದಿರುವಾಗ ಉದ್ದ ಬಾಹು, ಗಿಡ್ಡ ಬಾಹು ಎಲ್ಲಿಂದ ಬಂತು? ಕಾಗದದ ಮೇಲಿನ ವ್ಯತ್ಯಾಸ ಪೆನ್ಸಿಲ್ ಎಲ್ಲಿ ನಿಂತಿತು ಎಂಬುದರದ್ದು. ಕೋನಮಾಪಕದ ಅಂಚಿಗೆ ಬಾಹು ಮುಟ್ಟದಿದ್ದರೆ ಸ್ಕೇಲ್ ಇಟ್ಟು ಮುಂದಕ್ಕೆ ಎಳೆದು ಅಳೆಯುತ್ತೇವಲ್ಲ, ಕೋನ ಕೆಡುವುದಿಲ್ಲ ಎಂಬ ಧೈರ್ಯ ನಮಗಿರುವುದೂ ಇದರಿಂದಲೇ.

ತ್ರಿಭುಜದ ಬಾಹುಗಳು ಮಾತ್ರ ರೇಖಾಖಂಡಗಳು. ಆದರೆ ತ್ರಿಭುಜದ ಕೆಲಸ ರೇಖಾಖಂಡಗಳಲ್ಲೇ ಮುಗಿಯುವುದಿಲ್ಲ. ಎಬಿಸಿ ತ್ರಿಭುಜದಲ್ಲಿ ಬಿ ಕೋನ 90 ಡಿಗ್ರಿಗಿಂತ ಹೆಚ್ಚಿರಲಿ. ಎ ಇಂದ ಬಿಸಿ ಬಾಹುವಿಗೆ ಲಂಬ ಇಳಿಸಿ ನೋಡಿ. ಅದು ಬಿಸಿ ಮೇಲೆ ಬೀಳುವುದೇ ಇಲ್ಲ, ಬಿ ದಾಟಿ ಹೊರಗೆ ಬೀಳುತ್ತದೆ. ಸಿಬಿ ಬಾಹುವನ್ನು ಬಿ ಆಚೆಗೆ ಬೆಳೆಸದ ಹೊರತು ಈ ತ್ರಿಭುಜಕ್ಕೆ ಎತ್ತರ ಎಳೆಯಲಾಗದು. ಎತ್ತರ ಅಳೆಯುವುದು ಬಾಹುವಿಗಲ್ಲ, ಬಾಹು ಕೂತಿರುವ ರೇಖೆಗೆ.

ಈ ಕಷ್ಟ ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ಗೆ ಚೆನ್ನಾಗಿ ಗೊತ್ತಿತ್ತು. ಕ್ರಿಸ್ತಪೂರ್ವ 300 ರ ಸುಮಾರಿನಲ್ಲಿ ಅವನು 13 ಭಾಗಗಳಲ್ಲಿ ರಚಿಸಿದ ‘ಎಲಿಮೆಂಟ್ಸ್’ ಗ್ರಂಥದಲ್ಲಿ ಸರಳರೇಖೆ ಎಂದರೆ ಸಾಮಾನ್ಯವಾಗಿ ತುದಿಗಳುಳ್ಳದ್ದು, ನಾವು ಇಂದು ರೇಖಾಖಂಡ ಎನ್ನುವುದೇ. ಯಾವುದೇ ಎರಡು ಬಿಂದುಗಳ ನಡುವೆ ಸರಳರೇಖೆ ಎಳೆಯಬಹುದು ಎಂಬುದು ಅವನ ಮೊದಲ ಆಧಾರ ಪ್ರತಿಜ್ಞೆ, ಅಂದರೆ ಸಾಧಿಸದೆ ಒಪ್ಪಿಕೊಂಡು ಹೊರಡುವ ಮಾತು. ಎಳೆದದ್ದನ್ನು ನೇರವಾಗಿ ಮುಂದುವರಿಸುತ್ತ ಹೋಗಬಹುದು ಎಂಬುದು ಎರಡನೆಯದು. ಕೊನೆಯಿಲ್ಲದ ರೇಖೆ ಇದೆ ಎಂದು ಅವನು ಅಲ್ಲಿ ಹೇಳುವುದಿಲ್ಲ, ಬೇಕಾದಾಗ ಬೇಕಾದಷ್ಟು ಬೆಳೆಸಿಕೊಳ್ಳಬಹುದು ಎನ್ನುತ್ತಾನೆ. ಆದರೆ ಮೊದಲ ಭಾಗದ 12 ನೆಯ ಪ್ರಮೇಯದಲ್ಲಿ, ಹೊರಗಿನ ಬಿಂದುವಿನಿಂದ ರೇಖೆಗೆ ಲಂಬ ಎಳೆಯುವಾಗ, ಅನಂತವಾದ ಸರಳರೇಖೆ ಎಂದೇ ಬಾಯಿಬಿಟ್ಟು ಹೇಳುತ್ತಾನೆ. ಅಲ್ಲಿ ಕೈವಾರದಿಂದ ಎಳೆದ ವೃತ್ತ ಆ ಗೆರೆಯನ್ನು ಎರಡು ಕಡೆ ಕತ್ತರಿಸಬೇಕು. ಗೆರೆ ಗಿಡ್ಡವಾಗಿದ್ದರೆ ವೃತ್ತ ಅದರ ಪಕ್ಕದಲ್ಲೇ ಹಾದುಹೋದೀತು.

ಯೂಕ್ಲಿಡ್ ಚಿತ್ರ ನೋಡಿ ಒಪ್ಪಿಕೊಂಡ ಒಂದು ಸಂಗತಿ ಇತ್ತು: ಒಂದು ಬಿಂದು ಇನ್ನೆರಡರ ‘ನಡುವೆ’ ಇರುವುದು ಎಂದರೇನು? ಜರ್ಮನ್ ಗಣಿತಜ್ಞ ಡೇವಿಡ್ ಹಿಲ್ಬರ್ಟ್ 1899 ರಲ್ಲಿ ಜ್ಯಾಮಿತಿಯ ಬುನಾದಿಯನ್ನು ಹೊಸದಾಗಿ ಕಟ್ಟಿದಾಗ ಬಿಂದು, ರೇಖೆ, ಸಮತಲಗಳಿಗೆ ವ್ಯಾಖ್ಯೆಯನ್ನೇ ಕೊಡಲಿಲ್ಲ. ನಡುವೆ ಎಂಬ ಸಂಬಂಧ ಹೇಗೆ ವರ್ತಿಸಬೇಕು ಎಂಬುದಕ್ಕೆ ನಿಯಮ ಬರೆದ. ನಡುವೆ ಎಂಬುದು ಕೈಗೆ ಸಿಕ್ಕಿದ ಮೇಲೆ ರೇಖಾಖಂಡವೂ ಕಿರಣವೂ ಅದರಿಂದಲೇ ಹುಟ್ಟುತ್ತವೆ. ಮಕ್ಕಳಿಗೆ ರೇಖಾಖಂಡ ಸುಲಭ, ರೇಖೆ ಕಷ್ಟ. ಹಿಲ್ಬರ್ಟನ ದಾರಿಯಲ್ಲಿ ರೇಖೆ ಮೊದಲು, ತುಂಡುಗಳು ಆಮೇಲೆ.

ಯಾವುದು ದೊಡ್ಡದು?

ರೇಖೆ ಎರಡು ಕಡೆ ಹೋಗುತ್ತದೆ, ಕಿರಣ ಒಂದೇ ಕಡೆ. ಹಾಗಾದರೆ ರೇಖೆ ಕಿರಣದ ಎರಡು ಪಟ್ಟು ಉದ್ದವೇ? ಕೇಳಲು ಸಹಜವಾದ ಪ್ರಶ್ನೆ. ಒಂದು ಕಿರಣದ ಮೊದಲ 5 ಸೆಂಟಿಮೀಟರ್ ಕತ್ತರಿಸಿ ತೆಗೆಯಿರಿ. ಉಳಿದದ್ದು ಇನ್ನೊಂದು ಕಿರಣ. ಅದನ್ನು 5 ಸೆಂಟಿಮೀಟರ್ ಹಿಂದಕ್ಕೆ ಸರಿಸಿದರೆ ಹಳೆಯ ಕಿರಣದ ಮೇಲೆ ತಪ್ಪದೆ ಕೂರುತ್ತದೆ. ಕಳೆದರೂ ಕಡಿಮೆಯಾಗದ್ದರ ಮುಂದೆ ಎರಡು ಪಟ್ಟು ಎಂಬ ಮಾತಿಗೆ ಬೆಲೆಯಿಲ್ಲ.

ಬಿಂದುಗಳನ್ನು ಎಣಿಸಲು ಹೊರಟರೆ ರೇಖಾಖಂಡವೂ ಸೋಲುವುದಿಲ್ಲ. ಒಂದು ರೇಖಾಖಂಡದ ಎರಡು ತುದಿಬಿಂದುಗಳನ್ನು ಬಿಟ್ಟು ಉಳಿದದ್ದನ್ನು ಅರ್ಧವೃತ್ತವಾಗಿ ಬಗ್ಗಿಸಿ, ಬಟ್ಟಲಿನಂತೆ ಒಂದು ರೇಖೆಯ ಮೇಲೆ ಇಡಿ. ಕೇಂದ್ರದಿಂದ ಕೆಳಮುಖವಾಗಿ ಎಳೆದ ಪ್ರತಿ ಕಿರಣ ಅರ್ಧವೃತ್ತವನ್ನು ಒಂದು ಕಡೆ, ರೇಖೆಯನ್ನು ಒಂದು ಕಡೆ ಮುಟ್ಟುತ್ತದೆ. ಹೀಗೆ ಇಲ್ಲಿನ ಒಂದೊಂದು ಬಿಂದುವಿಗೂ ಅಲ್ಲಿ ಒಂದೊಂದು ಜೋಡಿ. ಯಾರೂ ಒಂಟಿಯಾಗಿ ಉಳಿಯುವುದಿಲ್ಲ. ಅಂಚಿಗೆ ಹತ್ತಿರವಾದಷ್ಟೂ ಜೋಡಿ ಬಿಂದು ದೂರ ದೂರ ಓಡುತ್ತದೆ. ಬಿಟ್ಟುಬಂದ ಆ ಎರಡು ತುದಿಗಳಿಗೆ ಮಾತ್ರ ರೇಖೆಯ ಮೇಲೆ ಜಾಗವಿಲ್ಲ, ಏಕೆಂದರೆ ಅಲ್ಲಿಗೆ ಹೋಗುವ ಕಿರಣ ರೇಖೆಗೆ ಸಮಾಂತರ. ಜೋಡಿ ಕಟ್ಟಿ ಅನಂತಗಳನ್ನು ಹೋಲಿಸುವ ಈ ಬಗೆಯನ್ನು 1870 ರ ದಶಕದಲ್ಲಿ ಗಟ್ಟಿಯಾಗಿ ನಿಲ್ಲಿಸಿದವನು ಗಣಿತಜ್ಞ ಗಿಯೋರ್ಗ್ ಕ್ಯಾಂಟರ್. ಒಂದು ಸೆಂಟಿಮೀಟರ್ ತುಂಡಿನಲ್ಲೂ ಕೊನೆಯಿಲ್ಲದ ರೇಖೆಯಲ್ಲೂ ಇರುವ ಬಿಂದುಗಳ ‘ಸಂಖ್ಯೆ’ ಅವನ ಅರ್ಥದಲ್ಲಿ ಒಂದೇ.

ಇಷ್ಟೆಲ್ಲ ಸಮತಲದ ಮಾತು. ಗೋಳದ ಮೇಲೆ ಬಂದರೆ ಮೂರರ ಸಂಬಂಧ ತಲೆಕೆಳಗಾಗುತ್ತದೆ. ಭೂಮಿಯ ಮೇಲೆ ಎಡಬಲ ತಿರುಗದೆ ನೇರ ನಡೆಯುತ್ತ ಹೋದರೆ ನೀವು ಮಹಾವೃತ್ತವೊಂದರ (ಗೋಳವನ್ನು ಎರಡು ಸಮಭಾಗ ಮಾಡುವ ವೃತ್ತದ) ಮೇಲೆ ಇರುತ್ತೀರಿ, ಗೋಳದ ಮೇಲೆ ರೇಖೆಯ ಜಾಗದಲ್ಲಿರುವುದು ಅದೇ. ಕೊನೆಯಿಲ್ಲ, ಆದರೆ ಸುಮಾರು 40,000 ಕಿಲೋಮೀಟರ್ ಎಂಬ ಉದ್ದವಿದೆ. ಎ ಇಂದ ಹೊರಟ ಕಿರಣ ಅಷ್ಟು ದೂರ ಹೋಗಿ ಎ ಗೇ ಹಿಂದಿನಿಂದ ಬಂದು ಸೇರುತ್ತದೆ, ಹಾಗಾಗಿ ಕಿರಣ ಬೇರೆ, ರೇಖೆ ಬೇರೆ ಎನ್ನುವಂತಿಲ್ಲ. ಸಮಾಂತರ ಎಂಬುದೂ ಇಲ್ಲ, ಯಾವ ಎರಡು ಮಹಾವೃತ್ತ ತೆಗೆದುಕೊಂಡರೂ ಎರಡು ಕಡೆ ಸೇರಿಯೇ ಸೇರುತ್ತವೆ. ಒಂದೇ ಮಹಾವೃತ್ತದ ಮೇಲೆ 3,000 ಕಿಲೋಮೀಟರ್ ದೂರದಲ್ಲಿರುವ ಎ, ಬಿ ಗಳ ನಡುವೆ ಇನ್ನೊಂದು ಸುತ್ತಿನಿಂದ 37,000 ಕಿಲೋಮೀಟರ್‌ನ ತುಂಡೂ ಉಂಟು. ಎಬಿ ರೇಖಾಖಂಡ ಎಂದರೆ ಗಿಡ್ಡದ್ದು ಎಂದು ಹೇಳಿ ಒಪ್ಪಿಕೊಳ್ಳಬೇಕು. ಎ ಉತ್ತರ ಧ್ರುವ, ಬಿ ದಕ್ಷಿಣ ಧ್ರುವ ಆಗಿದ್ದರೆ ಆ ಒಪ್ಪಂದವೂ ಕೈಕೊಡುತ್ತದೆ. ಎರಡನ್ನೂ ಸೇರಿಸುವ ರೇಖಾಂಶಗಳು ಲೆಕ್ಕವಿಲ್ಲದಷ್ಟು, ಎಲ್ಲದರ ಉದ್ದವೂ ಸುಮಾರು 20,000 ಕಿಲೋಮೀಟರ್; ಎಬಿ ಎಂಬ ಹೆಸರು ಅವುಗಳಲ್ಲಿ ಯಾವುದಕ್ಕೂ ಹೆಚ್ಚಲ್ಲ, ಯಾವುದಕ್ಕೂ ಕಡಿಮೆಯಲ್ಲ.